ಗೌಡರ ತೋಟದ ಚಟ್ನಿ

ನನಗಿರುವ ಕಾಯಿಲೆಗಳು ಮೂರು: ಸೊಂಟನೋವು, ಮಂಡಿನೋವು ಮತ್ತು ಇಬ್ಬರು ಗೆಳೆಯರು. ಮೊದಲಿನ ಎರಡಕ್ಕೆ ಕೊಪ್ಪಳದಲ್ಲಿ ಮಾತ್ರೆ ಸಿಗುತ್ತದೆ. ಮೂರನೆಯದಕ್ಕೆ ಎಲ್ಲಿಯೂ ಔಷಧವಿಲ್ಲ. ಐವತ್ತು ದಾಟಿದ ಮನುಷ್ಯ ಒಂದೋ ದೇವರ ಕಡೆ ತಿರುಗುತ್ತಾನೆ, ಇಲ್ಲವೇ ಆರೋಗ್ಯದ ಕಡೆ ತಿರುಗುತ್ತಾನೆ. ದೇವರ ಕಡೆ ತಿರುಗಿದವನು ತನ್ನಷ್ಟಕ್ಕೆ ಹೋಗಿ ಕೈಮುಗಿದು ಬರುತ್ತಾನೆ. ಆರೋಗ್ಯದ ಕಡೆ ತಿರುಗಿದವನಿಗೆ ಜೊತೆಗೆ ಜನ ಬೇಕು. ಬಟ್ಟೆ ಅಂಗಡಿಯ ಬಸವರಾಜ ಹೀಗೆ ತಿರುಗಿದ ಮೇಲೆ ತನ್ನ ಜೊತೆಗೆ ಕೋರ್ಟಿನಲ್ಲಿ ಟೈಪಿಸ್ಟ್ ಆಗಿರುವ ಮಹಾಂತೇಶನಿಗೂ ನನಗೂ ಒಂದೊಂದು ಸೈಕಲ್ ಕೊಡಿಸಿದ. ಕೊಡಿಸಿದ ಅಂದರೆ, ನಾವೇ ಕೊಳ್ಳುವಂತೆ ಮಾಡಿದ.

ದಸರಾ ರಜೆಯಲ್ಲಿ ಅವನು ಮೊಬೈಲಿನಲ್ಲಿ ಒಂದು ವಿಡಿಯೊ ತಂದು ತೋರಿಸಿದ. ಯಾವುದೋ ದೇಶದಲ್ಲಿ ನಮ್ಮದೇ ವಯಸ್ಸಿನವರು ಬೆನ್ನಿಗೆ ದೊಡ್ಡ ಚೀಲ ಕಟ್ಟಿಕೊಂಡು, ಒಂದು ದ್ರಾಕ್ಷಿ ತೋಟದಿಂದ ಇನ್ನೊಂದಕ್ಕೆ ಸೈಕಲ್ ಮೇಲೆ ನಗುನಗುತ್ತ ತಿರುಗುತ್ತಿದ್ದರು. "ನಮ್ಮಲ್ಲೇನು ದ್ರಾಕ್ಷಿ ಇಲ್ಲೇನು? ತಳಕಲ್ ಕಡೆ ಐತಿ, ಕುಷ್ಟಗಿ ಕಡೆ ಬೇಕಾದಷ್ಟು ಐತಿ. ಶನಿವಾರ ರಾತ್ರಿ ಸಾಮಾನು ಕಟ್ಟೂದು, ಐತವಾರ ಒಂದು ತೋಟ, ರಾತ್ರಿ ಅಲ್ಲೇ ವಸ್ತಿ, ಸೋಮವಾರ ಇನ್ನೊಂದು ತೋಟ," ಎಂದ. ದ್ರಾಕ್ಷಿ ಯಾವ ತಿಂಗಳಲ್ಲಿ ಹಣ್ಣಾಗುತ್ತದೆ ಎಂದು ನಾವು ಮೂವರಲ್ಲಿ ಒಬ್ಬರೂ ಕೇಳಲಿಲ್ಲ. ಪೇಟೆಯಲ್ಲಿ ಬೆಳೆದವರಿಗೆ ದ್ರಾಕ್ಷಿ ತಳ್ಳುಗಾಡಿಯಲ್ಲಿಯೇ ಹಣ್ಣಾಗುತ್ತದೆ.

ತೋಟದವರ ಜೊತೆ ಮಾತಾಡುವ ಕೆಲಸ ನನ್ನ ತಲೆಗೆ ಬಂತು. ನಾನು ಪಿಯು ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕ. ಭಾಷೆಯ ವಿಷಯದಲ್ಲಿ ನಾನು ತುಂಬ ಕಟ್ಟುನಿಟ್ಟು. ಉತ್ತರ ಪತ್ರಿಕೆಯಲ್ಲಿ ಒಂದು ದೀರ್ಘ ತಪ್ಪಿದರೆ ಅರ್ಧ ಅಂಕ ಕಳೆಯುತ್ತೇನೆ. ನನ್ನ ಹೆಂಡತಿ ಗಿರಿಜಾ ಕಿರಾಣಿ ಚೀಟಿಯಲ್ಲಿ 'ಸಬೂನು' ಎಂದು ಬರೆದರೆ, ಕಿಸೆಯಿಂದ ಕೆಂಪು ಪೆನ್ನು ತೆಗೆದು 'ಸಾಬೂನು' ಎಂದು ತಿದ್ದಿದ ಮೇಲೆಯೇ ಅಂಗಡಿಗೆ ಹೋಗುವುದು. "ಅಂಗಡಿಯವನಿಗೆ ತಿಳೀತೈತಿ ಬಿಡ್ರಿ," ಎಂದು ಅವಳು ಎಷ್ಟೋ ಸಲ ಹೇಳಿದ್ದಾಳೆ. ತಿಳಿಯುವುದು ಬೇರೆ, ಶುದ್ಧಿ ಬೇರೆ ಎಂದು ನಾನೂ ಅಷ್ಟೇ ಸಲ ಹೇಳಿದ್ದೇನೆ.

ತಳಕಲ್ಲಿನ ಆಚೆ ತೋಟ ಮಾಡಿರುವ ದೇವೇಂದ್ರಗೌಡರು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಚಿಕ್ಕಪ್ಪ. ಫೋನ್ ಮಾಡಿದಾಗ ಅವರು ಹೊಲದಲ್ಲಿದ್ದರು. ಮಾತಿಗಿಂತ ಗಾಳಿಯೇ ಹೆಚ್ಚು ಕೇಳಿಸುತ್ತಿತ್ತು.

"ಐತವಾರ ನಿಮ್ಮ ತೋಟ ನೋಡಾಕ ಬರಬೇಕಂತ ಮಾಡೀವ್ರಿ ಗೌಡ್ರ."

"ಬರ್ರಿ ಸರ್. ಐತವಾರ ನಮ್ಮಲ್ಲಿ ಚಟ್ನಿ ಐತಿ."

ನನಗೆ ಬಾಯಲ್ಲಿ ನೀರು ಬಂತು. "ನಮಗೂ ಚಟ್ನಿ ಅಂದ್ರ ಜೀವ್ರಿ."

"ಹೌದ್ರಿ? ನಿಮಗ ರೂಢಿ ಐತೇನು?"

"ಸಣ್ಣಂದಿನಿಂದ ರೂಢಿ ಐತ್ರಿ. ಮೂರು ಮಂದಿ ಬರ್ತೀವಿ, ಹೆಚ್ಚಾತೇನು?"

"ಹೆಚ್ಚು ಯಾಕಾಗ್ತೈತ್ರಿ, ಇನ್ನಾ ನಾಲ್ಕು ಮಂದಿ ಇದ್ರ ಕರ್ಕೊಂಡು ಬರ್ರಿ. ಈಗೆಲ್ಲಿ ಮಂದಿ ಸಿಗ್ತಾರ? ಬಿಸಲೇರೂದ್ರಾಗ ಬಂದುಬಿಡ್ರಿ ಮತ್ತ."

ಊಟಕ್ಕೆ ಮಂದಿ ಸಿಗುವುದಿಲ್ಲ ಎಂದು ಮರುಗುವ ಮನುಷ್ಯ ಈ ಕಾಲದಲ್ಲೂ ಇದ್ದಾನಲ್ಲ ಎಂದು ನನಗೆ ಕಣ್ಣು ತುಂಬಿ ಬಂತು. ಗೆಳೆಯರಿಗೆ ಹೇಳಿದೆ: ಬುತ್ತಿ ಬೇಡ, ಗೌಡರ ಮನೆಯಲ್ಲಿ ರೊಟ್ಟಿ-ಚಟ್ನಿ. ಮನೆಯಲ್ಲೂ ಅದನ್ನೇ ಹೇಳಿದೆ. ಹೇಳಬಾರದಿತ್ತು.

"ಚಟ್ನಿ ತಿನ್ನಾಕ ಅಲ್ಲೀಮಟ ಸೈಕಲ್ ತುಳೀತೀರೇನು? ನಮ್ಮನಿ ಚಟ್ನಿಗೆ ಏನಾಗೇತಿ?" ಎಂದಳು ಗಿರಿಜಾ.

"ದಿನಾ ಅದ ಶೇಂಗಾ ಚಟ್ನಿ. ಗೌಡ್ರ ಮನೀದು ಬ್ಯಾರೆ ಇರ್ತೈತಿ."

"ನಾಲ್ಕು ರೊಟ್ಟಿ ಕಟ್ಟಲೇನು?" ಎಂದಳು. ಊಟಕ್ಕೆ ಕರೆದವರ ಮನೆಗೆ ಬುತ್ತಿ ಒಯ್ದರೆ ಅವರಿಗೆ ಅವಮಾನ ಎಂದು ನಾನು ತಿಳಿಹೇಳಿದೆ. ಅವಳು ನನ್ನ ಚೀಲ ತುಂಬತೊಡಗಿದಳು.

ಭಾನುವಾರ ಬೆಳಿಗ್ಗೆ ಹೊರಟೆವು. ವಿಡಿಯೊದಲ್ಲಿ ಯಾರಿಗೂ ಎದುರುಗಾಳಿ ಇರಲಿಲ್ಲ. ನಮಗೆ ಊರು ದಾಟಿದ ಕೂಡಲೇ ಶುರುವಾಯಿತು. ದೂರದಲ್ಲಿ ಸಾಲುಸಾಲಾಗಿ ಗಾಳಿಯಂತ್ರಗಳು ತಿರುಗುತ್ತಿದ್ದವು. ಅವುಗಳನ್ನು ನೆಡುವವರು ಗಾಳಿ ಎಲ್ಲಿದೆಯೆಂದು ಅಳೆದು ನೋಡಿಯೇ ನೆಟ್ಟಿರುತ್ತಾರೆ. ಆ ಕಡೆಗೇ ಸೈಕಲ್ ತಿರುಗಿಸಿದವರು ನಾವು. ನನ್ನ ಚೀಲವಂತೂ ಹೆಗಲನ್ನು ಕಿತ್ತು ತೆಗೆಯುತ್ತಿತ್ತು. ಒಂದು ದಿನದ ವಸ್ತಿಗೆ ಈ ಹೆಂಗಸು ಏನೇನು ತುಂಬಿದ್ದಾಳೋ ಎಂದು ದಾರಿಯುದ್ದಕ್ಕೂ ಬೈದೆ. ಹಸಿವು ಬೇರೆ. ಮಹಾಂತೇಶ ಪ್ರತಿ ಏರಿನಲ್ಲೂ, "ಅಗಸಿ ಚಟ್ನಿ ಇರ್ತೈತೇನು ಮಾಸ್ತರ? ಗುರೆಳ್ಳಿಂದು?" ಎಂದು ಕೇಳುತ್ತಿದ್ದ. ಎಲ್ಲವೂ ಇರುತ್ತದೆ ಎಂದು ನಾನು ಭರವಸೆ ಕೊಡುತ್ತಿದ್ದೆ.

ತೋಟ ಮುಟ್ಟಿದಾಗ ಅಲ್ಲಿ ಒಂದೇ ಒಂದು ದ್ರಾಕ್ಷಿಯೂ ಇರಲಿಲ್ಲ. ಹತ್ತಾರು ಆಳುಗಳು ಚಪ್ಪರದ ಕೆಳಗೆ ಕತ್ತೆತ್ತಿ ಬಳ್ಳಿ ಕತ್ತರಿಸುತ್ತಿದ್ದರು. ಗೌಡರು ಎರಡೂ ಕೈ ಚಾಚಿ ಬಂದರು. ಕೈಯಲ್ಲಿ ಮೂರು ಕತ್ತರಿಗಳಿದ್ದವು.

"ತಗೋರಿ ಸರ್. ನಿಮಗಂತ ಹೊಸಾವು ತರಿಸೀನಿ."

"ಇವ್ಯಾಕ್ರಿ ಗೌಡ್ರ?"

"ಚಾಟ್ನಿಗೆ," ಎಂದರು.

ಆಗ ಕೇಳಿಸಿತು ಆ ದೀರ್ಘ. ದ್ರಾಕ್ಷಿ ಬಳ್ಳಿಯ ಹಳೆಯ ಕಡ್ಡಿಗಳನ್ನು ಇಷ್ಟು ಕಣ್ಣು, ಅಂದರೆ ಚಿಗುರೊಡೆಯುವ ಮೊಗ್ಗು, ಬಿಟ್ಟು ಕತ್ತರಿಸುವುದಕ್ಕೆ ತೋಟದವರು ಚಾಟ್ನಿ ಎನ್ನುತ್ತಾರೆ. ಮರಾಠಿ ಸೀಮೆಯಿಂದ ಬಂದ ಮಾತು. ಹಾಗೆ ಕತ್ತರಿಸಿದ ಮೇಲೆಯೇ ಚಿಗುರು, ಹೂವು, ಹಣ್ಣು. ಅದಕ್ಕೆ ಇನ್ನೂ ನಾಲ್ಕು ತಿಂಗಳು ಬೇಕು. ಬಸವರಾಜ ನನ್ನ ಕಿವಿಯ ಹತ್ತಿರ ಬಂದು, "ನೀ ಕನ್ನಡದಾಗ ಎಂ.ಎ. ಅಲ್ಲೇನಲೇ?" ಎಂದ.

ತಪ್ಪಾಯಿತು ಎಂದು ಅಲ್ಲಿಯೇ ಹೇಳಬಹುದಿತ್ತು. ಆದರೆ ಗೌಡರು ಆಗಲೇ ಆಳುಗಳಿಗೆಲ್ಲ, "ಸರ್ ಅವರಿಗೆ ಸಣ್ಣಂದಿನಿಂದ ಚಾಟ್ನಿ ರೂಢಿ ಐತಿ," ಎಂದು ಸಾರಿಯಾಗಿತ್ತು. ನನಗೆ ಮರ್ಯಾದೆ ದೊಡ್ಡದೆನಿಸಿತು. ಕತ್ತರಿ ಹಿಡಿದೆ. "ಆರು ಕಣ್ಣು ಬಿಟ್ಟು ಕಡೀರಿ," ಎಂದರು. ಆ ಕಣ್ಣು ಕಾಣಬೇಕಾದರೆ ನನ್ನ ಕಣ್ಣಿಗೆ ಕನ್ನಡಕದ ಕೆಳಭಾಗ ಬೇಕು, ಬಳ್ಳಿ ಇರುವುದು ತಲೆಯ ಮೇಲೆ. ನಾಲ್ಕು ಕಡ್ಡಿ ಕತ್ತರಿಸುವಷ್ಟರಲ್ಲಿ ಗೌಡರು ಓಡಿ ಬಂದು, ನೆಲಕ್ಕೆ ಬಿದ್ದಿದ್ದನ್ನು ಎತ್ತಿ ನೋಡಿದರು. ಅದು ಅವರ ಒಂದು ವರ್ಷದ ಬೆಳೆ. ಮುಖ ಸಣ್ಣದಾದರೂ ಮಾತು ಸಣ್ಣದಾಗಲಿಲ್ಲ. "ಸರ್, ನೀವು ದಣದೀರಿ. ಕಡ್ಡಿ ಆರಿಸಿ ಬದುವಿಗೆ ಹಾಕ್ರಿ ಸಾಕು," ಎಂದರು. ಅವರು ಬೈದಿದ್ದರೆ ಚೆನ್ನಾಗಿರುತ್ತಿತ್ತು. ಸೊಂಟ ಬಗ್ಗಿಸಿ ಕಡ್ಡಿ ಆರಿಸಿದೆ.

ಮಧ್ಯಾಹ್ನ ಎಲ್ಲರೂ ಬೇವಿನ ಮರದ ಕೆಳಗೆ ತಂತಮ್ಮ ಬುತ್ತಿ ಬಿಚ್ಚಿದರು. ಗೌಡರ ಮನೆಯವರು ಮದುವೆಗೆಂದು ಗಂಗಾವತಿಗೆ ಹೋಗಿದ್ದರು, ಗೌಡರದೂ ಬುತ್ತಿಯೇ. "ನೀವು ಬುತ್ತಿ ತಂದಿಲ್ಲೇನ್ರಿ?" ಎಂದು ಕೇಳಿದರು.

"ಸೈಕಲ್ ಹೊಡಿಯೋರು ಮಧ್ಯಾಹ್ನ ಉಣ್ಣೂದಿಲ್ರಿ. ಹೊಟ್ಟಿ ಹಗರ ಇರಬೇಕು," ಎಂದೆ.

ಆಳುಗಳಲ್ಲಿ ಹಿರಿಯಳಾದ ಒಬ್ಬ ಅಜ್ಜಿ, "ಅದೆಂಥಾ ಸೈಕಲ್ ಯಪ್ಪಾ, ಒಂದು ರೊಟ್ಟಿನಾದ್ರೂ ತಿನ್ರಿ," ಎಂದು ರೊಟ್ಟಿಯ ಮೇಲೆ ಚಟ್ನಿ ಹಾಕಿ ಚಾಚಿದಳು. ಬಸವರಾಜ ಒಂದು ತೆಗೆದುಕೊಂಡ, ಮಹಾಂತೇಶ ಎರಡು ತೆಗೆದುಕೊಂಡ. ಮಾತು ಆಡಿದವನು ನಾನು. ನನಗೆ ಕೈ ಚಾಚುವ ದಾರಿ ಇರಲಿಲ್ಲ. ಅವರಿಬ್ಬರೂ ನನ್ನ ಮುಖ ನೋಡುತ್ತ ಬೇಕಂತಲೇ ನಿಧಾನವಾಗಿ ತಿಂದರು. ನಾನು ಚೀಲಕ್ಕೆ ತಲೆಕೊಟ್ಟು ಮಲಗಿ ನೀರು ಕುಡಿದೆ.

ಮರುದಿನದ ಕುಷ್ಟಗಿ ತೋಟದ ಮಾತನ್ನು ಯಾರೂ ಎತ್ತಲಿಲ್ಲ. ಸಂಜೆಗೆ ಒಂದು ಟಂಟಂ ಆಟೊ ಹಿಡಿದು, ಸೈಕಲ್ಲುಗಳನ್ನು ಅದರ ಮೇಲೆ ಕಟ್ಟಿ, ಬಿಸಿಲಿರುವಾಗಲೇ ಮನೆ ಸೇರಿದೆವು.

"ವಸ್ತಿ ಇಲ್ದ ಬಂದ್ರಲ್ಲ. ಚಟ್ನಿ ಹೆಂಗಿತ್ತು?" ಎಂದಳು ಗಿರಿಜಾ.

"ಏನ್ ಹೇಳ್ಲಿ. ಅಗಸಿ ಚಟ್ನಿ, ಗುರೆಳ್ಳ ಚಟ್ನಿ, ಕೆಂಪು ಖಾರ. ಒಂದಕ್ಕಿಂತ ಒಂದು ಛಲೋ ಇದ್ವು."

"ಗೌಡ್ರದಲ್ಲ. ನಂದು."

ಅವಳು ಚೀಲ ತೆಗೆದು, ಹೊದಿಕೆ ಸರಿಸಿ, ತಳದಿಂದ ಒಂದು ಗಂಟು ಎತ್ತಿದಳು. ಕಟ್ಟಿದ ಗಂಟು ಕಟ್ಟಿದಂತೆಯೇ ಇತ್ತು. ಬಿಚ್ಚಿದಳು: ಎಂಟು ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ, ಒಂದು ಕುಡಿಕೆ ಗಟ್ಟಿ ಮೊಸರು. ಮೂವರಿಗೂ ಆಗುವಷ್ಟು. ದಿನವಿಡೀ ನಾನು ಬೈದುಕೊಂಡು ಹೊತ್ತದ್ದು, ತಲೆಕೊಟ್ಟು ಮಲಗಿದ್ದು ಇದರ ಮೇಲೆ.

"ಅಂಗೈಯಾಗ ಯಾಕ ಬೊಬ್ಬಿ ಎದ್ದಾವ?" ಎಂದಳು. ಎಲ್ಲವನ್ನೂ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ. ತಟ್ಟೆ ತಂದು ಮುಂದೆ ಇಟ್ಟಳು, ಅಷ್ಟೇ. ನಾನು ನಾಲ್ಕು ರೊಟ್ಟಿ ತಿಂದೆ. ಆ ಚಟ್ನಿ ಚೆನ್ನಾಗಿತ್ತು. ಇಪ್ಪತ್ತೈದು ವರ್ಷದಿಂದಲೂ ಚೆನ್ನಾಗಿಯೇ ಇತ್ತೆಂದು ಕಾಣುತ್ತದೆ. ಹಾಗೆಂದು ಅವತ್ತೇ ಹೇಳಬೇಕಿತ್ತು. ಬಾಯಿ ತುಂಬ ರೊಟ್ಟಿ ಇತ್ತು, ಹೇಳಲಾಗಲಿಲ್ಲ.

ಮುಂದಿನ ತಿಂಗಳ ಕಿರಾಣಿ ಚೀಟಿ ಕೈಗೆ ಬಂತು. ಸಾಬೂನು ಸರಿಯಾಗಿಯೇ ಇತ್ತು. ಎಲ್ಲಕ್ಕಿಂತ ಮೇಲೆ, ದುಂಡು ಅಕ್ಷರದಲ್ಲಿ, ದೀರ್ಘವನ್ನು ಎರಡು ಸಲ ತಿದ್ದಿ ದಪ್ಪ ಮಾಡಿ ಬರೆದಿದ್ದಳು: 'ಚಾಟ್ನಿಗೆ ಶೇಂಗಾ, ಎರಡು ಕಿಲೊ.' ಕೆಂಪು ಪೆನ್ನು ಕಿಸೆಯಲ್ಲಿಯೇ ಇತ್ತು. ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾನು ಚೀಟಿಯನ್ನು ಇದ್ದಂತೆಯೇ ಮಡಚಿಕೊಂಡು ಅಂಗಡಿಗೆ ಹೋದೆ.