ಅತ್ತೆ ಕೇಳಿದ ನನ್ನ ಮೊದಲ ಕಚೇರಿ

ನಮ್ಮ ಅತ್ತೆಯ ಜೊತೆ ಸಂಗೀತ ಕಚೇರಿಗೆ ಹೋಗಿ ಮರ್ಯಾದೆ ಉಳಿಸಿಕೊಂಡು ವಾಪಸ್ ಬಂದವರು ಇಡೀ ಜಯನಗರದಲ್ಲಿ ಯಾರಾದರೂ ಇದ್ದರೆ ಹೇಳಿ, ಹಾರ ಹಾಕಿ ಸನ್ಮಾನ ಮಾಡುತ್ತೇನೆ! ಅತ್ತೆ ಎಂದರೆ ಅಪ್ಪನ ಅಕ್ಕ. ಮದುವೆ ಬೇಡವೆಂದು, ಬ್ಯಾಂಕಿನಲ್ಲಿ ದುಡಿದು ನಿವೃತ್ತರಾಗಿ, ಯಡಿಯೂರಿನ ನಮ್ಮ ಮನೆಯಲ್ಲೇ ಇರುವವರು. ಸಂಗೀತ ಕಲಿತವರಲ್ಲ, ಒಂದು ಸಾಲು ಗುನುಗಿದ್ದನ್ನೂ ನಾವು ಕೇಳಿಲ್ಲ. ಆದರೆ ರಾಮನವಮಿ ಪೆಂಡಾಲಿನ ಮುಂದಿನ ಸಾಲಿನಲ್ಲಿ ಅವರು ಬಂದು ಕೂತರೆಂದರೆ ವಿದ್ವಾಂಸರೂ ಒಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಹಾಡು ಹಿಡಿಸದಿದ್ದರೆ ವೇದಿಕೆಗೇ ಕೇಳುವಂತೆ "ಊಹೂಂ" ಎನ್ನುವರು. ಹಿಡಿಸಿದರೆ ಇನ್ನೂ ಕಷ್ಟ. "ಭೇಷ್!" ಎಂದು ಪಕ್ಕದವರ ತೊಡೆಗೆ ಬಾರಿಸುವರು. ಪಕ್ಕದಲ್ಲಿ ಕೂರುತ್ತಿದ್ದವನು ನಾನು.

ಇಂಥ ಮನೆಯಲ್ಲಿ, ಡಿಗ್ರಿ ಮುಗಿದ ಮೇಲೆ, ಕಂಪ್ಯೂಟರಿನಲ್ಲಿ ಸಂಗೀತ ಮಾಡುತ್ತೇನೆಂದು ನಾನು ಘೋಷಿಸಿದೆ.

"ಹಾಡ್ತೀಯಾ?" ಎಂದು ಕೇಳಿದರು ಅಪ್ಪ.

"ಇಲ್ಲಪ್ಪ."

"ಏನಾದ್ರೂ ನುಡಿಸ್ತೀಯಾ?"

"ಹಂಗೇನಿಲ್ಲ. ಪ್ರೊಡ್ಯೂಸ್ ಮಾಡ್ತೀನಿ."

ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಬಹಳ ಕೋಪ ಬಂದಾಗ ಅವರು ಮಾಡುವುದು ಅಷ್ಟೇ. ಕೊನೆಗೆ ತೀರ್ಮಾನವನ್ನು ತಮ್ಮ ಅಕ್ಕನ ತಲೆಗೆ ಕಟ್ಟಿದರು. "ನಿನ್ನ ಮೊದಲ್ನೇ ಕಾರ್ಯಕ್ರಮಕ್ಕೆ ಅಕ್ಕ ಬಂದು ಕೇಳ್ಲಿ. ಅದು ಸಂಗೀತ ಅಂತ ಅವಳು ಹೇಳಿದ್ರೆ ನಾನು ಅಡ್ಡ ಬರಲ್ಲ. ಅಲ್ಲ ಅಂದ್ರೆ ಬಾಯ್ಮುಚ್ಕೊಂಡು ಕೆಲಸಕ್ಕೆ ಸೇರ್ಕೋ."

ಸರಿ, ನ್ಯಾಯಾಧೀಶರು ಅಂದಿನಿಂದಲೇ ನನ್ನ ರೂಮಿಗೆ ಬಂದು ಕೂತರು. ಒಂದು ಟ್ರ್ಯಾಕಿಗಾಗಿ ಕುಕ್ಕರಿನ ಸೀಟಿ ರೆಕಾರ್ಡ್ ಮಾಡುತ್ತಿದ್ದೆ. ಅತ್ತೆ ಮೂಗು ಮುರಿದರು. "ಶ್ರುತಿಗೆ ಸೇರ್ತಿಲ್ಲ ಕಣೋ. ದೊಡ್ಡ ಕುಕ್ಕರ್ ಇಡ್ಲಾ?" ದೊಡ್ಡ ಕುಕ್ಕರ್ ಬಂತು, ಆಮೇಲೆ ಪಕ್ಕದ ಮನೆಯದೂ ಬಂತು. ಸುಮ್ಮನೆ ನೀರಿಟ್ಟು ಸೀಟಿ ಹೊಡೆಸಿದರೆ ಗ್ಯಾಸ್ ದಂಡವೆಂದು ಅಮ್ಮ ಪ್ರತಿಸಲವೂ ಬೇಳೆ ಹಾಕಿದರು. ಆ ವಾರವಿಡೀ ನಮ್ಮ ಮನೆಯಲ್ಲಿ ತಿಂಡಿಗೂ ಹುಳಿ, ಊಟಕ್ಕೂ ಹುಳಿ! ಕಲೆಗಾಗಿ ಕಷ್ಟಪಟ್ಟವರು ಬಹಳ ಮಂದಿ ಇರಬಹುದು, ನಮ್ಮಮ್ಮನಷ್ಟು ಬೇಳೆ ಬೇಯಿಸಿದವರು ಇರಲಾರರು.

ಟ್ರ್ಯಾಕ್ ಸಿದ್ಧವಾಯಿತು. ಹೆಡ್‌ಫೋನ್ ಹಾಕಿ ಕೇಳಿಸಿದೆ. ಅತ್ತೆ ಕಣ್ಣು ಮುಚ್ಚಿ ತಲೆದೂಗಿದರು. ನನ್ನ ಎದೆ ಉಬ್ಬಿತು. ಆಮೇಲೆ ಬೀದಿಗೆಲ್ಲ ಕೇಳುವಂತೆ ಕೂಗಿದರು:

"ಚೆನ್ನಾಗಿದೆ ಕಣೋ! ಯಾವಾಗ ಶುರು ಆಗತ್ತೆ?"

"ಮುಗೀತಾ ಬಂತು ಅತ್ತೆ!"

ಅಂತೂ ಜೆ.ಪಿ. ನಗರದ ಒಂದು ಕೆಫೆಯ ಮಹಡಿಯ ಮೇಲೆ, ಭಾನುವಾರ ಸಂಜೆ, ನನಗೊಂದು ಅವಕಾಶ ಸಿಕ್ಕಿತು. ನಾನು ವೈರು ಸಿಕ್ಕಿಸುವ ಮೊದಲೇ ಅತ್ತೆ ಮೈಸೂರು ಸಿಲ್ಕ್ ಸೀರೆಯುಟ್ಟು ಹಾಜರ್. ಮುಂದಿನ ಕುರ್ಚಿಗಳ ಮೇಲೆಲ್ಲ ಕರ್ಚೀಫು ಹಾಸಿ, ಹರಕು ಜೀನ್ಸಿನ ನನ್ನ ಗೆಳೆಯರನ್ನು ಕರೆದು ಕರೆದು ಕೂರಿಸಿದರು. "ಮಗಾ, ನಿಮ್ಮತ್ತೆ ಸಖತ್!" ಎಂದ ಒಬ್ಬ. ಮೆನು ಹಿಡಿದು ಬಂದ ಹುಡುಗಿಗೆ "ಕಚೇರಿ ಮಧ್ಯೆ ತಿನ್ನಬಾರ್ದಮ್ಮ, ನೀನೂ ಕೂತ್ಕೋ" ಎಂದರು. ಪಾಪ, ಅವಳು ಕೂತೂಬಿಟ್ಟಳು!

ಶುರು ಮಾಡಿದೆ. ಅತ್ತೆ ತೊಡೆಯ ಮೇಲೆ ಆದಿತಾಳ ಹಾಕತೊಡಗಿದರು. ಒಂದೆರಡು ಟ್ರ್ಯಾಕ್ ಚೆನ್ನಾಗಿಯೇ ಹೋಯಿತು. ಮೂರನೆಯದು ಏರುತ್ತ ಏರುತ್ತ, ಇನ್ನೇನು ಎಲ್ಲರೂ ಕುಣಿಯಬೇಕು, ಆಗ ನನ್ನ ಲ್ಯಾಪ್‌ಟಾಪ್ ಹ್ಯಾಂಗ್ ಆಯಿತು.

ಇಡೀ ಮಹಡಿ ಮೌನ. ಆಫ್ ಮಾಡಿ ಆನ್ ಮಾಡಿದೆ. ಕಣ್ಣು ಮಂಜಾಗುತ್ತಿತ್ತು. ಎಲ್ಲ ಮುಗಿಯಿತು, ನಾಳೆಯಿಂದ ಆಫೀಸೇ ಗತಿ ಎಂದುಕೊಂಡೆ. ಆಗ ಕೇಳಿಸಿತು, ಚಪ್ಪಾಳೆ. ಅತ್ತೆ ತಾಳ ಬಿಟ್ಟೇ ಇರಲಿಲ್ಲ! ನನ್ನನ್ನೇ ನೋಡುತ್ತ, ಜೋರಾಗಿ, ಅದೇ ಲಯದಲ್ಲಿ ಹಾಕುತ್ತಿದ್ದರು. ಕರ್ಚೀಫಿನ ಸಾಲು ಸೇರಿಕೊಂಡಿತು, ಮೆನು ಹುಡುಗಿ ಸೇರಿಕೊಂಡಳು, ಆಮೇಲೆ ಮಹಡಿಗೆ ಮಹಡಿಯೇ ಸೇರಿಕೊಂಡಿತು. ಲ್ಯಾಪ್‌ಟಾಪ್ ಬಂದ ಮೇಲೆ ಆ ಚಪ್ಪಾಳೆಯ ಮೇಲೇ ನನ್ನ ಬೀಟ್ ಬಿಟ್ಟೆ. ಜನ ಹುಚ್ಚೆದ್ದು ಕುಣಿದರು. ಅದೂ ಕಾರ್ಯಕ್ರಮದ ಭಾಗವೆಂದೇ ಎಲ್ಲರೂ ತಿಳಿದರು. ನಾನೂ ಹಾಗೇ ಇರಲಿ ಎಂದು ಸುಮ್ಮನಾದೆ.

ಆದರೆ ತೀರ್ಪು ಬಾಕಿ ಇತ್ತಲ್ಲ! ಮರುದಿನ ಬೆಳಿಗ್ಗೆ ಹಜಾರದಲ್ಲಿ ಅಪ್ಪ ಕೇಳುತ್ತಿದ್ದರು. ನಾನು ಬಾಗಿಲ ಹಿಂದೆ ನಿಂತಿದ್ದೆ.

"ಏನಕ್ಕಾ, ಸಂಗೀತಾನಾ ಅದು?"

"ನನಗೆ ಗೊತ್ತಾಗ್ಲಿಲ್ಲ ಕಣೋ," ಎಂದರು ಅತ್ತೆ.

ನನ್ನ ಜೀವ ಹೋಯಿತು.

"ಆದ್ರೆ ಆ ಮಿಷನ್ ನಿಂತುಹೋದಾಗ ಇವನ ಮುಖ ನೋಡ್ಬೇಕಿತ್ತು ನೀನು. ಮಗು ಅಳೋ ಹಾಗಾಗಿದ್ದ. ನಮ್ಮ ಬ್ಯಾಂಕಲ್ಲಿ ಸಿಸ್ಟಂ ಕೈಕೊಟ್ರೆ ನಾವು ಏನ್ ಮಾಡ್ತಿದ್ವಿ ಹೇಳು? ಒಳಗೊಳಗೇ ಖುಷಿಪಟ್ಕೊಂಡು ಕಾಫಿಗೆ ಎದ್ದುಹೋಗ್ತಿದ್ವಿ! ನಿಂತ್ರೆ ಅಳು ಬರೋ ಅಂಥ ಕೆಲಸ ನನಗೂ ಸಿಗ್ಲಿಲ್ಲ, ನಿನಗೂ ಸಿಗ್ಲಿಲ್ಲ. ಇವನಿಗೆ ಸಿಕ್ಕಿದೆ. ಬಿಡಿಸ್ಬೇಡ್ವೋ."

ಬಾಗಿಲ ಹಿಂದೆ ನಾನು ಬಾಯಿಗೆ ಕೈ ಒತ್ತಿಕೊಂಡು ಅಳುತ್ತಿದ್ದೆ. ಆಮೇಲೆ ಅಪ್ಪನ ದನಿ ಕೇಳಿತು, ಎಷ್ಟು ಮೆತ್ತಗೆಂದರೆ, ಅವರು ಆ ಮನೆಯ ಯಜಮಾನರಲ್ಲ, ಅತ್ತೆಯ ಪುಟ್ಟ ತಮ್ಮ ಎಂಬುದು ನನಗೆ ಮೊದಲ ಸಲ ಹೊಳೆಯಿತು.

"ಸರಿ ಅಕ್ಕ. ಮುಂದಿನ ಸಲ ನನಗೂ ಒಂದು ಕರ್ಚೀಫ್ ಹಾಕಿಡು."