ಹರವಿಯ ಬುಡದ ಬಿಳಿ ವೈನು

ಪ್ರವಾಸಿ ಬಂಗಲೆಯಲ್ಲಿ ಕೆಲಸಕ್ಕಿದ್ದವನು ನಗು ಹುಡುಕಿಕೊಂಡು ಹೋಗಬೇಕಿಲ್ಲ, ಅದೇ ಹಾಸಿಗೆ ಪೆಟ್ಟಿಗೆ ಸಮೇತ ಬಂದಿಳಿಯುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಬಾದಾಮಿಯ ಒಂದು ಸಣ್ಣ ಖಾಸಗಿ ಬಂಗಲೆಯ ಮ್ಯಾನೇಜರ್. ಒಂದು ವರ್ಷ ಗುಹೆಗಳ ಶಿಲ್ಪದ ಚಿತ್ರ ಬರೆಯಲು ಫ್ರಾನ್ಸಿನ ಸಾಹೇಬರೊಬ್ಬರು ಬಂದು ಮೂರು ತಿಂಗಳು ಉಳಿದರು. ಜೊತೆಗೆ ಒಂದೇ ಒಂದು ಬಾಟಲಿ ಬಿಳಿ ವೈನು.

೧. ದ್ರಾಕ್ಷಿ ರಸ

ಕೊನೆಯ ವಾರ ಸಾಹೇಬರ ಹೆಂಡತಿ ಊರಿಂದ ಬರುವವಳಿದ್ದಳು. ಆ ದಿನ ಇಬ್ಬರೂ ಕೂಡಿ ಅದನ್ನು ಕುಡಿಯಬೇಕೆಂದು ಸಾಹೇಬರ ಆಸೆ. ಅಲ್ಲಿಯವರೆಗೆ ತಂಪಾಗಿಡುವ ಹೊಣೆ ನನ್ನ ಕೊರಳಿಗೆ ಬಿತ್ತು. ನಮ್ಮಲ್ಲಿ ಫ್ರಿಜ್ ಇರಲಿಲ್ಲ. ತಂಪು ಅಂತ ಇದ್ದದ್ದು ಅಡಿಗೆಮನೆಯ ನೀರಿನ ಹರವಿಯ ಕೆಳಗಿನ ಒದ್ದೆ ಉಸುಕು ಮಾತ್ರ, ಅದು ಅಡಿಗೆಯ ಅವ್ವನ ರಾಜ್ಯ. ಅವ್ವ ಹಿಂದಿನ ಕೆಲಸ ಬಿಟ್ಟದ್ದೇ ಯಜಮಾನರ ಕಪಾಟಿನಲ್ಲಿ ಶೆರೆಯ ಸೀಸೆ ಕಂಡು. ಆಕೆ ಇಲ್ಲಿಂದಲೂ ಹೋದರೆ ಬಂಗಲೆಗೆ ಬೀಗವೇ ಸರಿ, ನನಗೆ ಚಹಾ ಕಾಸಲೂ ಬರುವುದಿಲ್ಲ.

"ಏನದು, ತಮ್ಮಾ?" ಎಂದಳು ಅವ್ವ, ಉಸುಕಿನಲ್ಲಿ ಬಾಟಲಿ ಹೂಳುತ್ತಿದ್ದ ನನ್ನನ್ನು ನೋಡಿ.

"ದ್ರಾಕ್ಷಿ ರಸ, ಅವ್ವಾ" ಎಂದೆ. ಪೂರಾ ಸುಳ್ಳೇನಲ್ಲವಲ್ಲ.

ಆಯುಧ ಪೂಜೆಯ ದಿನ ಒಲೆ, ಒರಳು, ಈಳಿಗೆ, ಹರವಿ ಎಲ್ಲಕ್ಕೂ ಶಿವಯೋಗ ಮಂದಿರದ ವಿಭೂತಿ ಹಚ್ಚಿದ ಅವ್ವ, ಬಾಟಲಿಗೂ ಮೂರು ಬೆರಳು ಎಳೆದು ಚೆಂಡುಹೂವು ಏರಿಸಿದಳು. ಇಷ್ಟು ಮರ್ಯಾದೆ ಆ ವೈನಿಗೆ ತವರಿನಲ್ಲೂ ಸಿಕ್ಕಿರಲಿಕ್ಕಿಲ್ಲ. ನಾನೂ ಕೈಮುಗಿದೆ.

೨. ಕಲ್ಲಿನ ರುಚಿ

ಸಾಹೇಬರು ಅದರ ಗುಣ ಬಿಡಿಸಿ ಹೇಳಿದರು. ಲ್ವಾರ್ ಎಂಬ ನದಿಯ ದಂಡೆಯದು, ಸಿಹಿ ಸುತರಾಂ ಇಲ್ಲ, ನಾಲಿಗೆಗೆ ಎಳೆ ಮಾವಿನಕಾಯಿಯಂಥ ಹುಳಿ, ಮೂಗಿಗೆ ಚಕಮಕಿ ಕಲ್ಲು ಉಜ್ಜಿದ ವಾಸನೆ. ಬಳ್ಳಿ ಬೇರುಬಿಟ್ಟ ಕಲ್ಲುನೆಲದ ರುಚಿ ಅದರಲ್ಲಿದೆಯೆಂದು ಬಲ್ಲವರು ಹುಡುಕಿ ತರುತ್ತಾರಂತೆ. ಇಷ್ಟನ್ನೂ 'ರಸ'ದ ಗುಣವೆಂದು ಅವ್ವನಿಗೆ ದಾಟಿಸಿದೆ.

ಆಕೆ ಕಿಟಕಿಯಾಚೆಯ ಕೆಂಪು ಗುಡ್ಡ ನೋಡಿದಳು. "ಕಲ್ಲಿನ ರುಚಿ ಬೇಕಾದ್ರ ಬಾಟ್ಲಿ ಯಾಕ ಹೊತ್ಗೊಂಡು ಬಂದಾರ? ದಿನಾ ಗುಡ್ಡದ ಮ್ಯಾಲ ಕುಂಡ್ರತಾರಲ್ಲ, ನೆಕ್ಕಲಿ!"

೩. ಆಡಿನ ಹಾಲು

ಆ ವೈನಿನ ಜೋಡಿಗೆ ಹೊಳೆಮೀನು ಬಹಳ ಒಳ್ಳೆಯದಂತೆ. ಆ ಮಾತನ್ನು ನಾನು ಅಡಿಗೆಮನೆಯ ಹೊಸ್ತಿಲು ದಾಟಗೊಡಲಿಲ್ಲ. ಮೀನಿಲ್ಲದಿದ್ದರೆ ಆಡಿನ ಹಾಲಿನ ಚೀಸು: ಹಾಲು ಒಡೆಸಿ, ಬಟ್ಟೆಯಲ್ಲಿ ಕಟ್ಟಿ, ಉಪ್ಪು ಹಚ್ಚಿ, ಮೇಲೆ ಬೂಷ್ಟು ಹಿಡಿಯುವ ತನಕ ಇಡುವುದು. ಗುಡ್ಡದ ಹಿಂದೆ ಆಡು ಮೇಯಿಸುತ್ತಿದ್ದ ಕುರುಬರ ಹಿರಿಯರೊಬ್ಬರ ಹತ್ತಿರ ಸಾಹೇಬರೂ ನಾನೂ ಹೋದೆವು. ಹಿರಿಯರು ಎಲ್ಲ ಕೇಳಿಸಿಕೊಂಡು ಒಂದು ತಂಬಿಗೆ ಹಾಲು ಕರೆದುಕೊಟ್ಟರು. ಆಮೇಲೆ ನನ್ನನ್ನು ಬದಿಗೆ ಕರೆದರು.

"ಒಡದ ಹಾಲು ನಾವು ನಾಯಿಗಿ ಹಾಕ್ತೇವ್ರಿ. ಇವ್ರು ಬೂಷ್ಟು ಹಿಡಿಯೂತನಕ ಇಟ್ಟು ತಿಂತಾರಂದ್ರ, ಮನ್ಯಾಗ ಹೆಂಡ್ತಿ ಜೋಡಿ ಸರಿ ಐತೇನ್ರಿ?"

೪. ಬಿಸಿ ಬಿಸಿ

ಹೆಂಡತಿ ಬರುವ ದಿನವೂ ಬಂತು. ವೈನು ಕೆಟ್ಟಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಸಾಹೇಬರು ಬಿರಡೆ ತೆಗೆದು ಮೂಸಿ, ಮುಖ ಅರಳಿಸಿ, ಮತ್ತೆ ಸಡಿಲಾಗಿ ಮುಚ್ಚಿ ಉಸುಕಿನಲ್ಲಿಟ್ಟರು. ನಾವಿಬ್ಬರೂ ಟಾಂಗಾ ಹತ್ತಿ ಸ್ಟೇಷನ್ನಿಗೆ ಹೋಗಿ ಅವರ ಹೆಂಡತಿಯನ್ನು ಕರೆತಂದೆವು. ಬಂದು ನೋಡಿದರೆ ಮೇಜಿನ ಮೇಲೆ ಎರಡು ಸ್ಟೀಲ್ ಲೋಟ, ಎರಡರಲ್ಲೂ ಹಬೆ.

"ಪಾಪ, ರಸ ಹುಳತಿತ್ತು, ತಮ್ಮಾ" ಎಂದಳು ಅವ್ವ. "ಮೂಸಿದ ಕೂಡ್ಲೆ ಗೊತ್ತಾತು. ಗಂಡ ಹೆಂಡ್ತಿ ಇಷ್ಟು ದಿನದ ಮ್ಯಾಲ ಕೂಡ್ಯಾರ, ಕೆಟ್ಟದ್ದು ಕುಡೀಬಾರ್ದು. ಬೆಲ್ಲ, ಯಾಲಕ್ಕಿ, ಒಣಶುಂಠಿ ಹಾಕಿ ಚಂದಂಗಿ ಕುದಿಸೇನಿ."

ಸಾಹೇಬರಿಗೆ ನನ್ನ ಅರ್ಧಮರ್ಧ ಇಂಗ್ಲಿಷಿನಲ್ಲಿ ಇದ್ದದ್ದು ಇದ್ದಂತೆ ಹೇಳಿ, ಅವ್ವನೆದುರು ಮಾತ್ರ ಅದು ವೈನು ಅನ್ನಬೇಡಿರೆಂದು ಬೇಡಿಕೊಂಡೆ. ಅವರ ಮುಖ ಬಿಳಿಚಿತು. ಮೆಲ್ಲಗೆ ಹೆಂಡತಿಗೆ ತಿಳಿಸಿದರು. ಇಬ್ಬರೂ ಒಂದೊಂದು ಗುಟುಕು ಕುಡಿದು ಒಬ್ಬರನ್ನೊಬ್ಬರು ನೋಡಿಕೊಂಡರು. ಮೊದಲು ಆಕೆ ಕಿಸಕ್ಕೆಂದಳು, ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಶೇಂಗಾ ಹೋಳಿಗೆಯ ಜೋಡಿ ಲೋಟ ಖಾಲಿ ಮಾಡಿದರು. ಮೂರು ತಿಂಗಳು ಕಾದ ಮನುಷ್ಯ ಹಾಗೆ ನಗುವುದು ಕಂಡು ನನಗೆ ಅವರ ಮೇಲೆ ಭಾರಿ ಪ್ರೀತಿ ಬಂತು. ಅವ್ವನೂ ಉಳಿದಳು, ಬಂಗಲೆಯೂ ಉಳಿಯಿತು.

ಅಷ್ಟರಲ್ಲಿ ಹೆಂಡತಿ, ಗಂಡನಿಗೆ ಸಮಾಧಾನವಾಗಲೆಂದು, ತನ್ನ ಚೀಲದಿಂದ ಅಂಥದ್ದೇ ಇನ್ನೊಂದು ಬಾಟಲಿ ಹೊರಗೆ ತೆಗೆದಳು.

ಅವ್ವನ ಕಣ್ಣು ಬಿತ್ತು. "ಅಯ್ಯ, ಅಷ್ಟು ದೂರಿಂದ ಬಂದೈತಿ, ಅದೂ ಹುಳತಿರತೈತಿ! ಇಲ್ಲಿ ಕೊಡವ್ವಾ, ಒಲಿ ಇನ್ನೂ ಆರಿಲ್ಲ" ಎಂದು ಎರಡೂ ಕೈ ಚಾಚಿದಳು.

ಆ ತಾಯಿಗೆ ಕನ್ನಡದ ಒಂದಕ್ಷರ ಬರುತ್ತಿರಲಿಲ್ಲ. ಆದರೂ ಬಾಟಲಿಯನ್ನು ಎದೆಗವಚಿಕೊಂಡು ಕೋಣೆಗೆ ಓಡಿ ಒಳಗಿನಿಂದ ಚಿಲಕ ಹಾಕಿಕೊಂಡಳು. ಗಂಡ ಹೊರಗೇ ಉಳಿದಿದ್ದರು.