ಮುಚ್ಚಿದ ಕಾರ್ಖಾನೆಗಳ ಭಾವ

ಬ್ರಿಸ್ಬೇನಿಗೆ ಹೋಗಿ ಸಮುದ್ರ ನೋಡುವ ಆಸೆ ನಿಮಗಿದ್ದರೆ ದಯವಿಟ್ಟು ನಮ್ಮ ಭಾವನ ಮನೆಯಲ್ಲಿ ಇಳಿದುಕೊಳ್ಳಬೇಡಿ! ಎಲ್ಲರೂ ನೆಂಟರನ್ನು ಬೀಚಿಗೆ ಕರೆದೊಯ್ದರೆ ಇವರು ಬಾಗಿಲು ಹಾಕಿದ ಕಾರ್ಖಾನೆಗೆ ಕರೆದೊಯ್ಯುತ್ತಾರೆ.

ಭಾವ ಮೈಸೂರಿನ ಇಂಜಿನಿಯರು. ಅಕ್ಕನ ಮಾತಿನಲ್ಲಿ ಹೇಳುವುದಾದರೆ, ಅಡಿಲೇಡಿನ ಕಾರು ಕಾರ್ಖಾನೆಯಲ್ಲಿ ಯಂತ್ರಗಳ ಜೊತೆ ಸಂಸಾರ ಮಾಡಿದವರು. ಅದು ಮುಚ್ಚಿತು. ಬ್ರಿಸ್ಬೇನ್ ಪಕ್ಕದ ಇಪ್ಸ್‌ವಿಚ್‌ನ ಗೋದಾಮೊಂದರಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸ ಸಿಕ್ಕಿ, ಅಲ್ಲೇ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್ ಬಡಾವಣೆಯ ಬಾಡಿಗೆ ಮನೆಗೆ ಬಂದರು. ಇಪ್ಸ್‌ವಿಚ್‌ನಲ್ಲೋ ಕಲ್ಲಿದ್ದಲು ಗಣಿ, ರೈಲ್ವೆ ವರ್ಕ್‌ಶಾಪು ಎಲ್ಲ ಎಂದೋ ಮುಗಿದ ಕತೆ. ಸರಿ, ಭಾವನಿಗೆ ಹೊಸ ಹುಚ್ಚು ಹಿಡಿಯಿತು: ಅಡಿಲೇಡ್, ಇಪ್ಸ್‌ವಿಚ್ ಈ ಎರಡು ಊರುಗಳಲ್ಲಿ ಯಾವುದು ಮೊದಲು ಉದ್ಧಾರವಾಗುತ್ತದೆ?

ಅಷ್ಟರಲ್ಲಿ ಓನರ್ ಮನೆ ಮಾರಲು ಹೊರಟ. ನೀವೇ ಕೊಳ್ಳುವುದಾದರೆ ಸೋಮವಾರದೊಳಗೆ ಹೇಳಿ ಎಂದ. ಸಾಮಾನು ಕಟ್ಟಿ ಬಿಚ್ಚಿ ಸುಸ್ತಾಗಿದ್ದ ಅಕ್ಕ, ಕೊಳ್ಳೋಣವೆಂದು ಹಟ ಹಿಡಿದಳು.

"ಇರೇ, ಅಡಿಲೇಡ್ ಪಿಕಪ್ ಆದ್ರೆ ವಾಪಸ್ ಹೋಗ್ಬಹುದು. ಯಾವ ಊರು ಮೊದ್ಲು ಉದ್ಧಾರ ಆಗತ್ತೆ ನೋಡ್ಬಿಡೋಣ."

"ಊರು ಉದ್ಧಾರ ಆಗೋ ಹೊತ್ತಿಗೆ ನಿಮ್ಮ ಮಗಳು ಅಜ್ಜಿ ಆಗಿರ್ತಾಳೆ!"

ಇಂಥ ಸಮಯದಲ್ಲಿ ನಾನು ಪರ್ತ್‌ನಿಂದ ಹೋಗಿ ಇಳಿದೆ. ಅಲ್ಲಿ ನಮ್ಮ ಹ್ಯಾರಿಸ್‌ಡೇಲ್ ಬಡಾವಣೆಯಲ್ಲಿ ಹಾಲು ತರಲೂ ಕಾರು ಬೇಕು. ಒಂದಿಷ್ಟು ನಡೆದಾಡುವ ಆಸೆಯಿತ್ತು. ಭಾವ ನಡೆಸಿದರು! ಏರ್‌ಪೋರ್ಟಿನಿಂದ ನೇರ ಇಪ್ಸ್‌ವಿಚ್‌ನ ಪೇಟೆ ಬೀದಿಗೆ. ಮುಚ್ಚಿದ ಅಂಗಡಿಗಳ ಗಾಜಿಗೆ ಮೂಗು ಒತ್ತಿ ನೋಡಿದ್ದೇ ನೋಡಿದ್ದು.

"ಅಡಿಲೇಡ್‌ನಲ್ಲಿ ಖಾಲಿ ಅಂಗಡಿನೂ ಗುಡಿಸಿ ಇಟ್ಟಿರ್ತಾರೆ ಕಣೋ!"

ಮುಂದೊಂದು ಹಳೇ ಕಟ್ಟಡಕ್ಕೆ 'ಇನ್ನೋವೇಶನ್ ಹಬ್' ಎಂಬ ಬೋರ್ಡು. ಒಳಗೆ ಒಂದು ಬೀನ್ ಬ್ಯಾಗು, ಒಂದು ಕಾಫಿ ಮಷೀನು, ಅದರ ಮೇಲೆ 'ಕೆಟ್ಟಿದೆ' ಎಂಬ ಚೀಟಿ.

"ಫ್ಯಾಕ್ಟರಿ ಸತ್ತ ಊರಲ್ಲಿ ಮೊದ್ಲು ಕೆಫೆ ಹುಟ್ಟತ್ತೆ, ಆಮೇಲೆ ಯೋಗ ಕ್ಲಾಸ್, ಕೊನೆಗೆ ಇದು. ಅಲ್ಲೂ ಅಷ್ಟೆ, ಇಲ್ಲೂ ಅಷ್ಟೆ. ಕಾರ್ ಬದ್ಲು ಐಡಿಯಾ ಮಾಡ್ತಾರಂತೆ. ಐಡಿಯಾ ಕೆಟ್ರೆ ಸ್ಪೇರ್ ಪಾರ್ಟ್ ಎಲ್ಲಿ ಸಿಗತ್ತೋ?"

ನಾನು ಐಟಿಯವನು, ನನ್ನ ಹೊಟ್ಟೆಪಾಡೇ ಐಡಿಯಾ.

ಮರುದಿನ ಆಯುಧಪೂಜೆ. ಈಗ ಮ್ಯೂಸಿಯಂ ಆಗಿರುವ ಹಳೆಯ ರೈಲ್ವೆ ವರ್ಕ್‌ಶಾಪಿಗೆ ನಮ್ಮ ಸವಾರಿ. ನಾನು ಫೋಟೋ ತೆಗೆಯುತ್ತಿದ್ದೆ. ಭಾವ ಜೇಬಿನಿಂದ ಕುಂಕುಮದ ಪೊಟ್ಟಣ ತೆಗೆದವರೇ ಅಲ್ಲಿದ್ದ ಲೇತ್ ಯಂತ್ರಕ್ಕೆ ಬೊಟ್ಟು ಇಟ್ಟೇಬಿಟ್ಟರು! ಊದುಬತ್ತಿಗೆ ಕಡ್ಡಿ ಗೀರುವಷ್ಟರಲ್ಲಿ ಅಲ್ಲಿನ ವಯಸ್ಸಾದ ಗೈಡ್ ಓಡಿ ಬಂದ. ಇಲ್ಲಿನ ಜೈಲಿನಲ್ಲಿ ಉಪ್ಪಿಟ್ಟು ಸಿಗುತ್ತದೆಯೇ ಎಂದು ನಾನು ಯೋಚಿಸತೊಡಗಿದೆ.

"ಏನಿದು, ಮೇಟ್?"

ಭಾವ ತಡವರಿಸಿದರು. "ಪ್ರತಿ ವರ್ಷ ಇವತ್ತು ನನ್ನ ಮಷೀನಿಗೆ ಪೂಜೆ ಮಾಡ್ತಿದ್ದೆ. ಈ ವರ್ಷ... ನನ್ ಹತ್ರ ಮಷೀನ್ ಇಲ್ಲ."

ಮುದುಕ ಬಗ್ಗಿ ಆ ಬೊಟ್ಟನ್ನು ನೋಡಿದ. ಆಮೇಲೆ ಮೂಲೆಯ ಇನ್ನೊಂದು ಯಂತ್ರ ತೋರಿಸಿದ.

"ಅದು ನಂದು. ಮುಚ್ಚೋವರೆಗೂ ನಾನೇ ನಡೆಸ್ತಿದ್ದೆ. ಅದಕ್ಕೂ ಒಂದು ಇಡು. ಬೆಂಕಿ ಮಾತ್ರ ಬೇಡ."

ಭಾವ ಎರಡನೆಯ ಬೊಟ್ಟು ಇಟ್ಟರು. "ಮುಚ್ಚಿದ್ಮೇಲೆ ಊರು ಬಿಡ್ಲಿಲ್ವಾ ನೀವು?"

"ಬಿಡೋಣ ಅಂತಿದ್ದೆ. ಹೆಂಡ್ತಿ ಆಗ್ಲೇ ಟೊಮೆಟೊ ಸಸಿ ನೆಟ್ಬಿಟ್ಟಿದ್ಲು."

ಹೊರಗೆ ಬಂದವರೇ ಭಾವ ಅಕ್ಕನಿಗೆ ಫೋನು ಹಚ್ಚಿದರು, ಎಂದಿನಂತೆ ಸ್ಪೀಕರಿನಲ್ಲಿ.

"ಓನರ್‌ಗೆ ಹೂಂ ಅಂದ್ಬಿಡು."

ಆ ಕಡೆ ತಿರುಗುತ್ತಿದ್ದ ಮಿಕ್ಸಿ ನಿಂತಿತು. ಆಮೇಲೆ ಒದ್ದೆ ದನಿಯಲ್ಲಿ, "ಹಂಗಾದ್ರೆ ಯಾವ ಊರು ಗೆಲ್ತು?"

"ಗೊತ್ತಿಲ್ಲ ಕಣೇ. ಸಾಕಾಯ್ತು. ಮನೆಗ್ ಬರ್ತಿದೀನಿ."

ಅದನ್ನು ಅವರು ಮನೆ ಎಂದು ಕರೆದದ್ದು ನಾನು ಕೇಳಿದ್ದು ಅವತ್ತೇ ಮೊದಲು.